ಓಗ್ಬುಟ್ಲು ಅಂದ ಒಂದು ಮಾತು

ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಂದು ಆಗಷ್ಟೇ ನಿಂತಿತ್ತು. ಕೇರಳದ ರಸ್ತೆಯಿಂದ ಬಂದ ಲಾರಿಯೊಂದು ನಿಲ್ದಾಣದ ಎದುರು ನಿಂತಿತು. ತುಂಬ ಹಸಿಶುಂಠಿಯ ಮೂಟೆಗಳು. ಶುಂಠಿಯನ್ನು ಇನ್ನೂ ತೊಳೆದಿರಲಿಲ್ಲ. ಮೂಟೆಗಳ ಸಂದಿಯಿಂದ ಕೆಮ್ಮಣ್ಣು ನೀರಾಗಿ ಒಸರುತ್ತಿತ್ತು. ಆ ಘಾಟು ಮೂಗಿಗೆ ಬಂದದ್ದೇ ನಾನು ಎದ್ದು ದೂರದ ಬೆಂಚಿಗೆ ಹೋಗಿ ಕುಳಿತೆ. ಪಕ್ಕದಲ್ಲಿದ್ದವರು ನನಗೆ ಶುಂಠಿ ಆಗಿಬರುವುದಿಲ್ಲ ಎಂದುಕೊಂಡಿರಬೇಕು. ಶುಂಠಿ ಕಷಾಯ ನಾನು ದಿನವೂ ಕುಡಿಯುತ್ತೇನೆ. ನನ್ನಿಂದ ತಡೆಯಲಾಗದ್ದು ಮಣ್ಣು ಮೆತ್ತಿದ ಹಸಿಶುಂಠಿಯ ವಾಸನೆ. ಒಂದು ಮೇ ತಿಂಗಳ ಬಿಸಿಲಲ್ಲಿ ಒಬ್ಬ ಹೆಂಗಸು ಆ ವಾಸನೆ ಹೊತ್ತ ಕೈಯನ್ನು ನನ್ನ ಮೇಜಿನ ಮೇಲೆ ಊರಿ ನಿಂತಿದ್ದಳು. ಆ ಮೇಜಿನ ಮೇಲೆ ಇದ್ದದ್ದು ಮತದಾರರ ಪಟ್ಟಿ. ಪಟ್ಟಿಯಲ್ಲಿ ಅವಳು ಸತ್ತಿದ್ದಳು. ಸಾಯಿಸಿದವನು ನಾನು.

ಅದು ಎರಡು ಸಾವಿರದ ಎಂಟನೇ ಇಸವಿ, ವಿಧಾನಸಭೆಯ ಚುನಾವಣೆ ನಡೆದ ವರ್ಷ. ಹರದನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಮನೆ ಚಾಮರಾಜನಗರದಲ್ಲಿತ್ತು, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ಪೋಲಿಯೋ ಹನಿ, ದನದ ಗಣತಿ, ಜನರ ಗಣತಿ ಎಲ್ಲವೂ ಮೇಷ್ಟ್ರ ತಲೆಗೇ ಬರುವಂತೆ ಆ ಊರಿನ ಮತದಾರರ ಪಟ್ಟಿಯೂ ನನ್ನ ತಲೆಗೆ ಬಂದಿತ್ತು. ಮನೆಮನೆಗೆ ಹೋಗಿ ಯಾರು ಇದ್ದಾರೆ, ಯಾರು ಊರು ಬಿಟ್ಟಿದ್ದಾರೆ, ಯಾರು ತೀರಿಕೊಂಡಿದ್ದಾರೆ ಎಂದು ಬರೆದುಕೊಂಡು ತಾಲ್ಲೂಕು ಕಚೇರಿಗೆ ಕೊಡಬೇಕಿತ್ತು.

ಶಾಲೆಯಲ್ಲಿ ನನಗಿದ್ದ ಹೆಸರು 'ಹಕಾರದ ಮೇಷ್ಟ್ರು'. ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎನ್ನುವುದು ಓಗು, ಹಬ್ಬ ಎನ್ನುವುದು ಅಬ್ಬ, ಹೆಸರು ಎನ್ನುವುದು ಎಸ್ರು. ನಾನೂ ಗುಂಡ್ಲುಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವನು. ಓಗು, ಬಾ ಎಂದುಕೊಂಡೇ ಬೆಳೆದವನು. ಟ್ರೈನಿಂಗಿನಲ್ಲಿ ಮೈಸೂರಿನವರ ಮುಂದೆ ನಗೆಪಾಟಲಾದ ಮೇಲೆ ಹಕಾರವನ್ನು ಕಷ್ಟಪಟ್ಟು ನಾಲಗೆಗೆ ತಂದುಕೊಂಡಿದ್ದೆ. ಕಷ್ಟಪಟ್ಟು ಗಳಿಸಿದ್ದರ ಬಗ್ಗೆ ಇರುವ ಜಂಬ ನನಗೂ ಇತ್ತು. ಮಕ್ಕಳು 'ಓಗ್ತೀನಿ ಸಾ' ಅಂದರೆ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದೆ. ದೊಡ್ಡವರು ಮಾತಾಡುವಾಗಲೂ ನನ್ನ ಕಿವಿ ಮೊದಲು ಆ ಬಿಟ್ಟುಹೋದ ಅಕ್ಷರವನ್ನು ಹಾಕಿಕೊಂಡು, ಆಮೇಲೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎನ್ನುವುದು ಮುಂದೆ ತಿಳಿಯುತ್ತದೆ.

ಹಿಂದಿನ ವರ್ಷ ಪಟ್ಟಿಗೆ ಫೋಟೋ ಸೇರಿಸುವ ಕೆಲಸ ಶುರುವಾಗಿತ್ತು. ನಮ್ಮ ಶಾಲೆಯ ಜಗಲಿಯಲ್ಲಿ ಒಂದು ನೀಲಿ ಬಟ್ಟೆ ಇಳಿಬಿಟ್ಟು, ಅದರ ಮುಂದೆ ಕುರ್ಚಿ ಹಾಕಿ, ಚಾಮರಾಜನಗರದಿಂದ ಬಂದ ಅನ್ವರ್ ಎಂಬ ಫೋಟೋಗ್ರಾಫರು ಎರಡು ದಿನ ಊರಿನವರ ಮುಖ ಹಿಡಿದರು. ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದವರು. ನಗಿಸದೆ ಯಾರ ಫೋಟೋವನ್ನೂ ತೆಗೆಯುತ್ತಿರಲಿಲ್ಲ. ಪಟ್ಟಿಯ ತಪ್ಪುಗಳ ಮಾತು ಬಂದಾಗ ಅವರು ಹೇಳಿದ್ದು ನೆನಪಿದೆ.

"ನಮ್ಮ ಅಮ್ಮಿ ಹೆಸರು ಹಮೀದಾ ಬೇಗಂ ಸಾರ್. ಟೈಪ್ ಮಾಡೋನು ಆ ಕೊನೇ 'ಗಂ' ಇದೆಯಲ್ಲ, ಅದನ್ನ ಕಿತ್ತು ಪಕ್ಕದ ಕಾಲಮ್ಮಿಗೆ ಹಾಕಿಬಿಟ್ಟಿದಾನೆ. ಗಂಡೋ ಹೆಣ್ಣೋ ಅನ್ನೋ ಕಾಲಮ್ಮಿಗೆ. ಹೆಸರು ಹಮೀದಾ ಬೇ. ಲಿಂಗ, ಗಂ. ಎರಡು ಎಲೆಕ್ಷನ್ನಿಂದ ನಮ್ಮ ಅಮ್ಮಿ ಗಂಡಸು."

"ತಿದ್ದಿಸಲಿಲ್ವಾ?"

"ಹೋಗಿದ್ದೆ. 'ವೋಟು ಹಾಕೋಕೆ ಬಿಡ್ತಿದಾರಲ್ಲ, ಮತ್ಯಾಕೆ ತೊಂದರೆ ತಗೋತೀರಿ' ಅಂದ್ರು. ಅಮ್ಮೀನೂ ಹಂಗೇ ಅಂದ್ರು. ಗಂಡಸರ ಲೈನು ಚಿಕ್ಕದಿರುತ್ತೆ, ಇರಲಿ ಬಿಡು ಅಂತ."

ನಾವೆಲ್ಲ ನಕ್ಕೆವು. ಕುರ್ಚಿಯ ಮೇಲೆ ಕುಳಿತಿದ್ದ ಹೆಂಗಸು ಮಾತ್ರ ನಗಲಿಲ್ಲ. ಅವಳೇ ಚಿಕ್ಕತಾಯಮ್ಮ. ಕೆಳಗಲ ಬೀದಿಯ ಕೊನೆಯ ಮನೆಯವಳು, ಐವತ್ತು ದಾಟಿದ್ದವಳು, ಗಂಡ ತೀರಿಕೊಂಡಿದ್ದ. ಒಬ್ಬಳೇ ಒಂದು ಮೇಕೆ ಕಟ್ಟಿಕೊಂಡು ಇದ್ದಳು. ಕೂಲಿಗೆ ಹೋಗುತ್ತಿದ್ದಳು. ಆ ದಿನ ಅವಳಿಗೆ ವಿಪರೀತ ಕೆಮ್ಮು. ಅನ್ವರ್ ಮೂರು ಸಲ ಕ್ಯಾಮೆರಾ ಎತ್ತಿ ಇಳಿಸಿದರು. ಮುಗಿದ ಮೇಲೆ ಕಂಪ್ಯೂಟರಿನ ಪರದೆಯಲ್ಲಿ ತನ್ನ ಮುಖ ತೋರಿಸಿ ಎಂದಳು. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಈ ಮಕ ಇದ್ರೆ ನನ್ ವೋಟ್ನ ಇನ್ನೊಬ್ರು ಆಕಕಾಗಕಿಲ್ವಾ ಸಾ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ಊರಿನಲ್ಲಿ ದೊಡ್ಡಮನೆ ಎಂದು ಕರೆಯುವ ಒಂದು ಮನೆತನವಿತ್ತು. ಕೆಳಗಲ ಬೀದಿಯವರ ಮತಗಳನ್ನು ಬೆಳಿಗ್ಗೆಯೇ ಆ ಮನೆಯ ಕಡೆಯವರು ಹಾಕಿ ಮುಗಿಸುವುದು ಎಷ್ಟೋ ವರ್ಷದಿಂದ ನಡೆದುಬಂದಿತ್ತು. ಜಗಳವಿಲ್ಲ, ಗಲಾಟೆಯಿಲ್ಲ. ಮತಗಟ್ಟೆಯ ಬಾಗಿಲಲ್ಲಿ 'ನಿಂದಾಯ್ತು ಓಗಮ್ಮ' ಎಂದು ಹೇಳಿ ಕಳಿಸುತ್ತಿದ್ದರು. ಮದುವೆ ಮನೆಯಲ್ಲಿ ಊಟದ ಪಂಕ್ತಿ ಮುಗಿಯಿತು ಎಂದು ಹೇಳಿದ ಹಾಗೆ.

"ನಾಕ್ ಸರ್ತಿ ಓಗಿವ್ನಿ ಸಾ," ಅಂದಳು ಚಿಕ್ಕತಾಯಮ್ಮ. "ನಾಕ್ ಸರ್ತೀನೂವೆ ನಾನ್ ಓಗಗಂಟ ನಂದು ಆಗೋಗಿರ್ತದೆ. ಆ ಗುಂಡಿ ಎಂಗದೆ ಅಂತ್ಲೂ ನೋಡ್ನಿಲ್ಲ ನಾನು."

ನನಗೆ ಆಗ ಒಂದು ಉತ್ಸಾಹವಿತ್ತು. ತರಬೇತಿಯಲ್ಲಿ ಅಧಿಕಾರಿಗಳು ಪಕ್ಕದ ಸಂತೆಮರಹಳ್ಳಿ ಕ್ಷೇತ್ರದ ಮಾತು ಹೇಳಿದ್ದರು. ಅಲ್ಲಿ ಹಿಂದಿನ ಚುನಾವಣೆಯ ಸೋಲುಗೆಲುವು ಒಂದೇ ಒಂದು ಮತದಲ್ಲಿ ತೀರ್ಮಾನವಾಗಿತ್ತು. ನಮ್ಮ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತು. ಈಗ ಗಡಿಗಳನ್ನು ಹೊಸದಾಗಿ ಎಳೆದು ಆ ಕ್ಷೇತ್ರವೇ ಇಲ್ಲದಂತಾಗಿತ್ತು. ಆದರೂ ಆ ಒಂದು ಮತದ ಕತೆ ಉಳಿದಿತ್ತು. ನಾನು ಅದನ್ನು ಅವಳಿಗೆ ಹೇಳಿದೆ. "ಅದು ನಿಮ್ಮದೇ ಆಗಿದ್ದಿದ್ದರೆ ಏನಾಗ್ತಿತ್ತು ನೋಡಿ," ಅಂದೆ. "ಈ ಸಲ ನಿಮ್ಮ ಮುಖ ಪಟ್ಟಿಯಲ್ಲೇ ಇರುತ್ತೆ. ಯಾರೂ ಹಾಕೋಕಾಗಲ್ಲ. ನಾನಿದ್ದೀನಲ್ಲ."

ನಾನಿದ್ದೀನಲ್ಲ ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಡಿಸೆಂಬರಿನಲ್ಲಿ ಗುರುತಿನ ಚೀಟಿ ಬಂತು. ನಾನೇ ಹೋಗಿ ಕೊಟ್ಟೆ. ಅದನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ಫೆಬ್ರವರಿಯಲ್ಲಿ ಮತ್ತೊಂದು ಸುತ್ತು ಹೋಗಿ, ಊರಲ್ಲಿ ಇಲ್ಲದವರ ಮತ್ತು ಸತ್ತವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಲು ಬರೆದು ಕೊಡಿ ಎಂದು ಆದೇಶ ಬಂತು. ಶಾಲೆ ಬಿಟ್ಟ ಮೇಲೆ, ಸಂಜೆಯ ಬಸ್ಸಿಗೆ ಮುಂಚೆ ಮುಗಿಸಬೇಕು. ಒಂದು ದಿನಕ್ಕೆ ಒಂದು ಬೀದಿ. ಕೆಳಗಲ ಬೀದಿಯ ಕೊನೆಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಚಿಕ್ಕತಾಯಮ್ಮನ ಮನೆಗೆ ಬೀಗ. ಅವಳ ಮೇಕೆ ಪಕ್ಕದ ಮನೆಯ ಶಿವಮ್ಮನ ಅಂಗಳದಲ್ಲಿ ಕಟ್ಟಿತ್ತು. ಶಿವಮ್ಮ ಅವಳ ವಾರಗೆಯವಳೇ. ಮೂವತ್ತು ವರ್ಷದಿಂದ ಇಬ್ಬರ ಮನೆಗೂ ಒಂದೇ ಗೋಡೆ. ಮುಂದೆ ನಡೆದ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿ ನೋಡಿದ್ದೇನೆಂದರೆ, ಒಂದು ಪದವೂ ಹೆಚ್ಚುಕಡಿಮೆ ಇಲ್ಲದೆ ಬರೆಯಬಲ್ಲೆ.

"ಚಿಕ್ಕತಾಯಮ್ಮ ಎಲ್ಲವ್ವಾ?"

"ಅಯ್ಯೋ, ಓಗ್ಬುಟ್ಲು ಕಣ್ ಸಾ."

"ಯಾವಾಗ?"

"ಸಂಕ್ರಾಂತಿ ಅಬ್ಬ ಕಳ್ದು ನಾಕ್ ದಿನಕ್ಕೆ."

"ಅಯ್ಯೋ ಪಾಪ. ಕೆಮ್ಮು ಬೇರೆ ಇತ್ತು."

"ಊ ಕಣ್ ಸಾ. ಇರಮ್ಮಿ, ವಸಿ ವಾಸಿ ಆಗ್ಲಿ ಅಂದೆ. ಕೇಳ್ನಿಲ್ಲ. ಮ್ಯಾಕೆ ನನ್ ಕೈಗ್ ಕೊಟ್ಬುಟ್ಟು ಒಂಟೋದ್ಲು."

ನಮ್ಮ ಕಡೆ ಸತ್ತವರನ್ನು ಸತ್ತರು ಎಂದು ಎದುರಿಗೆ ಅನ್ನುವುದಿಲ್ಲ. ಹೋಗಿಬಿಟ್ಟರು ಎನ್ನುತ್ತೇವೆ. ಹಾಗೆ ಅಂದವರನ್ನು ಕೆದಕಿ ಕೇಳುವುದೂ ಇಲ್ಲ. ಹೇಗೆ, ಎಲ್ಲಿ, ಮಣ್ಣು ಮಾಡಿದ್ದು ಯಾರು ಎಂದು ಕೇಳಿದರೆ ಅದು ಒರಟುತನ. ನಾನು ಒರಟನಾಗಬಾರದು ಎಂದು ಸುಮ್ಮನಾದೆ. ಶಿವಮ್ಮನ ಮಾತಿನ ಹಕಾರವನ್ನು ಮನಸ್ಸಿನಲ್ಲೇ ಹಾಕಿಕೊಂಡೆ: ಹೋಗಿಬಿಟ್ಟಳು. ಅಕ್ಷರ ಸರಿಮಾಡಿದೆ, ಅರ್ಥ ಕೇಳಲಿಲ್ಲ. ಎಲ್ಲಿಗೆ ಎಂಬ ಒಂದು ಪದ ನನ್ನ ಬಾಯಿಂದ ಬರಲಿಲ್ಲ. ಬಂದಿದ್ದರೆ ಅವಳು 'ಬತ್ತೇರಿಗೆ ಸಾ, ಶುಂಟಿ ಕೀಳಕೆ' ಎಂದಿರುತ್ತಿದ್ದಳು. ನಮ್ಮ ಕಡೆಯ ಎಷ್ಟೋ ಕೂಲಿಯವರು ವಯನಾಡಿನ ಬತ್ತೇರಿಗೆ ಶುಂಠಿ ಕೀಳಲು ಹೋಗುತ್ತಾರೆ. ಕೀಳುವುದು ಮುಗಿದರೆ ಕಾಫಿ, ಆಮೇಲೆ ಮತ್ತೆ ಶುಂಠಿ ಹಾಕುವುದು. ಹೋದವರು ನಾಲ್ಕೈದು ತಿಂಗಳು ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಮೃತ' ಎಂದು ಬರೆದೆ. ಹೇಳಿಕೆ ಕೊಟ್ಟವರು: ನೆರೆಮನೆಯ ಶಿವಮ್ಮ. ಅವಳ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿಕೊಂಡೆ.

"ಇದ್ಯಾಕ್ ಸಾ?"

"ಪಟ್ಟಿಗೆ," ಅಂದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಆಮೇಲೆ ನಿಯಮದ ಪ್ರಕಾರ ಎಲ್ಲವೂ ನಡೆಯಿತು. ತೆಗೆದುಹಾಕುವ ಹೆಸರುಗಳ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದೆ. ಆಕ್ಷೇಪಣೆ ಇದ್ದವರು ತಿಳಿಸಬಹುದು ಎಂದು ಮೇಲೆ ದಪ್ಪಕ್ಷರದಲ್ಲಿ ಇತ್ತು. ಕೆಳಗಲ ಬೀದಿಯ ದೊಡ್ಡವರಿಗೆ ಓದು ಬರದು. ಮಕ್ಕಳಿಗೆ ಓದು ಬರುತ್ತಿತ್ತು, ಆದರೆ ಗೋಡೆಗೆ ಅಂಟಿಸಿದ ಸರ್ಕಾರದ ಕಾಗದವನ್ನು ಯಾವ ಮಗು ಓದುತ್ತದೆ? ದಿನವೂ ಅದರ ಮುಂದೆ ಹಾದುಹೋಗುತ್ತಿದ್ದ, ಅಂಥ ಕಾಗದ ಓದಬೇಕಾದ ಒಬ್ಬನೇ ಒಬ್ಬ ನಾನು. ಬರೆದವನೂ ನಾನೇ ಆದ್ದರಿಂದ ಓದುವ ಅಗತ್ಯ ಕಾಣಲಿಲ್ಲ. ಈ ವ್ಯವಸ್ಥೆಯನ್ನು ಯಾರೋ ಕೆಟ್ಟವರು ಕೂತು ಕೆಡಿಸುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಕೆಡಿಸುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದು ಇಷ್ಟು: ಮೈಮುರಿದು ದುಡಿಯುವ, ಯಾರ ಹಂಗಿಗೂ ಬೀಳದ, ಸಂಜೆಯ ಬಸ್ಸು ತಪ್ಪಬಾರದೆಂದು ಅವಸರದಲ್ಲಿರುವ ಒಬ್ಬ ಸಾಧಾರಣ ಮನುಷ್ಯ ಒಂದು ಪದ ಬರೆದರೆ ಸಾಕು. ಸತ್ತಿದ್ದಾಳೆ ಎಂದು ಬರೆಯಲು ನೆರೆಯವಳ ಒಂದು ಹೆಬ್ಬೆಟ್ಟು ಸಾಕಾಯಿತು. ಬದುಕಿದ್ದಾಳೆ ಎಂದು ಬರೆಸಲು ಆಮೇಲೆ ಅವಳೂ ನಾನೂ ಚಾಮರಾಜನಗರದ ಕಚೇರಿಗೆ ಮೂರು ಸಲ ಅಲೆದೆವು. ರೇಷನ್ ಕಾರ್ಡು ಬೇಕು, ವಯಸ್ಸಿನ ದಾಖಲೆ ಬೇಕು, ಹೊಸ ಫೋಟೋ ಬೇಕು. ಕಿಟಕಿಯ ಒಳಗಿದ್ದವರು ಹಳೆಯ ಗುರುತಿನ ಚೀಟಿಯನ್ನು ನೋಡಿ, "ಇದು ಸತ್ತವರದ್ದು, ಇದು ನಡೆಯಲ್ಲ" ಎಂದರು. ಅವಳು ಕಿಟಕಿಯ ಹೊರಗೆ ನಿಂತಿದ್ದಳು.

ಅದೆಲ್ಲ ಆಮೇಲಿನ ಮಾತು. ಮತದಾನದ ದಿನಕ್ಕೆ ಬರುತ್ತೇನೆ.

ಬಿಸಿಲು ಬೆಳಿಗ್ಗೆಯೇ ಏರಿತ್ತು. ಶಾಲೆಯೇ ಮತಗಟ್ಟೆ. ಗೇಟಿನ ಹೊರಗೆ ಹೊಂಗೆಮರದ ಕೆಳಗೆ ನನ್ನ ಮೇಜು. ಪಟ್ಟಿಯಲ್ಲಿ ಹೆಸರು ಹುಡುಕಿ, ಕ್ರಮಸಂಖ್ಯೆ ಬರೆದ ಚೀಟಿ ಕೊಡುವುದು ನನ್ನ ಕೆಲಸ. ಅನ್ವರ್ ಅವರೂ ಬಂದಿದ್ದರು, ಈ ಸಲ ವೀಡಿಯೋ ಮಾಡಲು. ದೊಡ್ಡಮನೆಯ ಕಡೆಯ ಪುಟ್ಟಸ್ವಾಮಿ, ಹಿಂದೆ ಬಾಗಿಲಲ್ಲಿ ನಿಂತು 'ನಿಂದಾಯ್ತು' ಎನ್ನುತ್ತಿದ್ದವನು, ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೆಲಸವಿಲ್ಲದವನಂತೆ ಕುಳಿತಿದ್ದ. ಫೋಟೋ ಪಟ್ಟಿ ಬಂದು ಅವನ ಕೈ ಕಟ್ಟಿಹೋಗಿತ್ತು. ಅದನ್ನು ನೋಡಿ ನಾನು ಒಳಗೊಳಗೇ ಖುಷಿಪಟ್ಟದ್ದು ನಿಜ.

ಹನ್ನೊಂದು ದಾಟಿತ್ತು. ಒಂದು ಕೈ ಮೇಜಿನ ಮೇಲೆ ಬಂತು. ಉಗುರುಸಂದಿಯಲ್ಲಿ ಕೆಂಪು ಮಣ್ಣು, ಶುಂಠಿಯ ಘಾಟು. ತಲೆಯೆತ್ತಿದೆ.

"ನಂದೊಂದ್ ಚೀಟಿ ಕೊಡಿ ಸಾ," ಅಂದಳು ಚಿಕ್ಕತಾಯಮ್ಮ. "ನಸುಕ್ಗೆ ಬತ್ತೇರಿ ಬುಟ್ಟೆ. ಮೇಸ್ತ್ರಿ ಬ್ಯಾಡ ಅಂದ. ಬುಡಪ್ಪ, ನಮ್ ಸಾ ಕಾಯ್ತಾವ್ರೆ ಅಂದ್ಬುಟ್ಟು ಬಂದೆ."

ಸತ್ತವರು ಎದುರಿಗೆ ಬಂದು ನಿಂತರೆ ಹೇಗಿರುತ್ತದೆ ಎನ್ನುವುದನ್ನು ನಾನು ಬರೆಯಬಲ್ಲೆ ಎಂದು ಅನ್ನಿಸುವುದಿಲ್ಲ. ಮೊದಲು ಬಂದದ್ದು ಭಯವಲ್ಲ, ಲೆಕ್ಕ. ಎಲ್ಲಿ ತಪ್ಪಾಯಿತು ಎಂದು ತಲೆ ಹಿಂದಕ್ಕೆ ಓಡಿತು. ಪಟ್ಟಿ ತೆಗೆದೆ. ಅವಳ ಫೋಟೋ ಇತ್ತು, ಕೆಮ್ಮು ತಡೆದುಕೊಂಡು ಬಿಗಿದ ಮುಖ. ಅದರ ಮೇಲೆ ಅಡ್ಡಕ್ಕೆ 'ತೆಗೆದುಹಾಕಲಾಗಿದೆ' ಎಂದು, ಪಕ್ಕದಲ್ಲಿ 'ಮೃತ' ಎಂದು ಅಚ್ಚಾಗಿತ್ತು.

"ಒಳಗೆ ಕೇಳೋಣ ಇರಿ," ಅಂದೆ.

ಒಳಗಿದ್ದ ಮತಗಟ್ಟೆ ಅಧಿಕಾರಿ ಬೇರೆ ತಾಲ್ಲೂಕಿನಿಂದ ಬಂದವರು, ಒಳ್ಳೆಯವರು. ಅವಳ ಗುರುತಿನ ಚೀಟಿ ನೋಡಿದರು, ಮುಖ ನೋಡಿದರು, ಪಟ್ಟಿ ನೋಡಿದರು. "ಕಾರ್ಡಿದ್ರೆ ಸಾಲದಮ್ಮ. ಪಟ್ಟೀಲಿ ಹೆಸರಿರಬೇಕು. ಇದರಲ್ಲಿ ನೀವು ತೀರ್ಕೊಂಡಿದೀರಿ," ಎಂದರು.

"ಇಲ್ಲೇ ನಿಂತಿವ್ನಲ್ಲ ಸಾ."

"ಗೊತ್ತಾಗ್ತಿದೆ. ನನ್ನ ಕೈಲಿಲ್ಲ."

ಅನ್ವರ್ ಕ್ಯಾಮೆರಾ ಇಳಿಸಿದರು. "ಸಾರ್, ಈ ಮುಖ ಹಿಡಿದಿದ್ದು ನಾನೇ. ಬೇಕಿದ್ರೆ ನಾನು ಬರೆದುಕೊಡ್ತೀನಿ."

"ನೀವು ಬರೆದುಕೊಟ್ರೆ ನಡೆಯಲ್ರೀ." ಅಧಿಕಾರಿ ನಮ್ಮ ಜೊತೆ ಗೇಟಿನವರೆಗೆ ಬಂದು ನನ್ನನ್ನು ಕೇಳಿದರು. "ಮೇಷ್ಟ್ರೇ, ಇವರು ತೀರ್ಕೊಂಡ್ರು ಅಂತ ಯಾರು ಹೇಳಿದ್ದು?"

ಸಾಲಿನಲ್ಲಿದ್ದವರೆಲ್ಲ ತಿರುಗಿದ್ದರು. ನಾನು ಚೀಲದಿಂದ ನನ್ನ ಪುಸ್ತಕ ತೆಗೆದು, ಹಾಳೆ ತಿರುವಿ, ಗಟ್ಟಿಯಾಗಿ ಓದಿದೆ. "ಹೇಳಿಕೆ ಕೊಟ್ಟವರು, ನೆರೆಮನೆಯ ಶಿವಮ್ಮ. ಎಡಗೈ ಹೆಬ್ಬೆಟ್ಟಿನ ಗುರುತು."

ಓದಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಕಾರಗಳೂ ಸರಿಯಾಗಿದ್ದವು.

ಶಿವಮ್ಮ ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು. ಅವಳ ಕೈಯಲ್ಲಿ ನಾನೇ ಬರೆದುಕೊಟ್ಟ ಚೀಟಿಯಿತ್ತು.

"ಮ್ಯಾಕೆ ಆಸ್ಗೆ ನನ್ನ ಕೊಂದ್ಬುಟ್ಯಲ್ಲಮ್ಮಿ," ಅಂದಳು ಚಿಕ್ಕತಾಯಮ್ಮ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಾನ್ಯಾವತ್ ಅಂದೆ ಸತ್ಲು ಅಂತ? ಓದ್ಲು ಅಂದೆ ಕಣೇ. ಓಗ್ಬುಟ್ಲು ಅಂದೆ. ಬತ್ತೇರಿಗ್ ಓದ್ಯೋ ಇಲ್ವೋ ನೀನು?"

"ಎರಡ್ಕೂ ಒಂದೇ ಬಸ್ ಕಣಮ್ಮಿ," ಅಂದ ಪುಟ್ಟಸ್ವಾಮಿ ಕುರ್ಚಿಯಿಂದ. ಜನ ನಕ್ಕರು. ಅವನು ಚಿಕ್ಕತಾಯಮ್ಮನ ಕಡೆ ತಿರುಗಿದ. "ನಮ್ಮುನ್ನ ಬಯ್ಕಂಡ್ ಓಡಾಡ್ತಿದ್ಯಲ್ಲ ಚಿಕ್ಕತಾಯಿ. ನಾವಾದ್ರೆ ನಿನ್ ವೋಟ್ ಬೀಳಂಗಾದ್ರೂ ಮಾಡ್ತಿದ್ವಿ. ಈಗ ಅದೂ ಓಯ್ತು ನೋಡು."

ಅದಕ್ಕೂ ನಕ್ಕರು. ಶಿವಮ್ಮ ಸುತ್ತ ನೋಡಿದಳು. ನನ್ನನ್ನೂ ನೋಡಿದಳು. ನಾನು ಆಗ ಒಂದು ವಾಕ್ಯ ಹೇಳಬಹುದಿತ್ತು: ಅವಳು ಹೇಳಿದ್ದು ಸರಿ, ನಾನು ಕೇಳಿಸಿಕೊಂಡದ್ದು ತಪ್ಪು. ಅಷ್ಟೇ ಸಾಕಿತ್ತು. ಅಧಿಕಾರಿಯ ಎದುರು ಒಪ್ಪಿಕೊಂಡರೆ ನೋಟೀಸು ಬರಬಹುದು, ಇನ್‌ಕ್ರಿಮೆಂಟಿಗೆ ತೊಂದರೆಯಾಗಬಹುದು ಎಂದು ಆಗ ಯೋಚಿಸಿದೆ ಎಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಊರಿನ ಮಕ್ಕಳೆಲ್ಲ ಗೇಟಿನ ಹತ್ತಿರ ನಿಂತಿದ್ದರು. ಅವರ ಮುಂದೆ ನನಗೆ ಕನ್ನಡ ಅರ್ಥವಾಗಲಿಲ್ಲ ಎಂದು ಹೇಳಬೇಕಿತ್ತು. ಪುಸ್ತಕ ಮುಚ್ಚಿದೆ.

ಶಿವಮ್ಮ ಚೀಟಿಯನ್ನು ಮುದುಡಿ ಕೆಳಗೆ ಹಾಕಿದಳು. "ನಂಗೂ ಬ್ಯಾಡ ಈ ವೋಟು," ಎಂದು ಸಾಲು ಬಿಟ್ಟು, ಹೋಗಿ ಶಾಲೆಯ ಕಾಂಪೌಂಡಿಗೆ ಒರಗಿ ಕುಳಿತಳು. ಚಿಕ್ಕತಾಯಮ್ಮ ಗೇಟಿನ ಇನ್ನೊಂದು ಮಗ್ಗುಲಿಗೆ ಕುಳಿತಳು. ಇಬ್ಬರ ನಡುವೆ ಜನ ಬಂದು ಹೋಗುತ್ತಿದ್ದರು. ನಾನು ಹೆಸರು ಹುಡುಕಿ ಹುಡುಕಿ ಚೀಟಿ ಕೊಡುತ್ತಿದ್ದೆ. ಮಧ್ಯಾಹ್ನ ಊಟ ಬಂತು, ಮಾಡಲಿಲ್ಲ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಚಿಕ್ಕತಾಯಮ್ಮ ಯಾಕೆ ಮನೆಗೆ ಹೋಗುತ್ತಿಲ್ಲ ಎಂದು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಸಂಜೆಯೊಳಗೆ ಯಾರಾದರೂ ಸರಿಮಾಡುತ್ತಾರೆ ಎಂದು ಅವಳು ಕಾಯುತ್ತಿದ್ದಳು. ಸರ್ಕಾರದ್ದು ಇಷ್ಟು ದೊಡ್ಡ ಏರ್ಪಾಡು, ಪೊಲೀಸರು, ಜೀಪು, ಕ್ಯಾಮೆರಾ. ಬದುಕಿರುವವಳನ್ನು ಬದುಕಿದ್ದಾಳೆ ಎಂದು ಬರೆಯಲು ಒಬ್ಬರಿಗೂ ಅಧಿಕಾರವಿರುವುದಿಲ್ಲ ಎಂದು ಅವಳಿಗೆ ತೋಚಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸಾಲು ಕರಗಿತು. ಎದ್ದು ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ.

"ಶಿವಮ್ಮನದು ತಪ್ಪಿಲ್ಲ," ಅಂದೆ. "ಅವರು ಹೋದಳು ಅಂತಲೇ ಅಂದ್ರು. ನಾನು ಬೇರೆ ಥರ ತಿಳ್ಕೊಂಡೆ. ಕೇಳಲಿಲ್ಲ. ಬರೆದುಬಿಟ್ಟೆ."

ಬೈದರೆ ಬೈಯಲಿ ಎಂದು ಕಾದೆ.

"ಎಲ್ಗೆ ಅಂತ ಒಂದ್ ಮಾತ್ ಕೇಳ್ಬೇಕಿತ್ತು ಸಾ," ಅಂದಳು ಕೊನೆಗೆ. "ಕೋಳಿ ಕಾಣ್ನಿಲ್ಲ ಅಂದ್ರೂ ಎಲ್ಗೋಯ್ತು ಅಂತ ಕೇಳ್ತಾರೆ ಜನ."

ಎದ್ದು, ಸೆರಗು ಕೊಡವಿಕೊಂಡು ಶಿವಮ್ಮನ ಹತ್ತಿರ ಹೋದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಶಿವಮ್ಮ ತಲೆ ಆಡಿಸುತ್ತಿದ್ದಳು. ಆಮೇಲಿನದು ಕೇಳಿಸಿತು.

"ಏಳಮ್ಮಿ. ಎದ್ದು ಓಗಿ ಆಕ್ಬುಟ್ ಬಾ."

"ನೀನಾಕ್ದೆ ನಾನಾಕನಾ? ಬ್ಯಾಡ ಬುಡು."

"ಸತ್ತೋಳ್ಗೆ ಜೊತೆ ಕೂರಕೆ ನೀನೇನ್ ನನ್ ಗಂಡ್ನಾ? ಏಳು."

ಶಿವಮ್ಮನಿಗೆ ನಗು ಬಂತು, ಅಳುವೂ ಬಂತು. ನಾನು ಹೊಸ ಚೀಟಿ ಬರೆದುಕೊಟ್ಟೆ. ಅವಳು ನನ್ನ ಮುಖ ನೋಡದೆ ಇಸಿದುಕೊಂಡು ಒಳಗೆ ಹೋದಳು. ಅಲ್ಲಿಂದ ಮುಂದೆ, ನಾನು ವರ್ಗವಾಗಿ ಹೋಗುವವರೆಗೂ, ಶಿವಮ್ಮ ನನ್ನ ಮುಖ ನೋಡಿ ಮಾತಾಡಲಿಲ್ಲ. ಅದನ್ನು ನಾನು ಅನ್ಯಾಯ ಎನ್ನಲಾರೆ.

ಚಿಕ್ಕತಾಯಮ್ಮ ಮೇಜಿನ ಹತ್ತಿರ ಬಂದು ನಿಂತಿದ್ದಳು. ಹೊರಡುವ ಮುಂಚೆ ಏನೋ ನೆನಪಾದವಳಂತೆ ಕೇಳಿದಳು. "ನಿಮ್ದಾಯ್ತಾ ಸಾ?"

ನನ್ನ ಹೆಸರಿದ್ದದ್ದು ಚಾಮರಾಜನಗರದ ಪಟ್ಟಿಯಲ್ಲಿ. ಹಿಂದಿನ ಮೂರು ಚುನಾವಣೆಗಳಲ್ಲಿ ನನ್ನನ್ನು ಚುನಾವಣೆಯ ಕೆಲಸಕ್ಕೆಂದು ಬೇರೆ ಬೇರೆ ಊರಿಗೆ ಹಾಕಿದ್ದರು. ಒಂದು ಸಲ ಉಮ್ಮತ್ತೂರಿಗೆ. ಅಂಚೆಯಲ್ಲಿ ಮತ ಕಳಿಸಲು ಒಂದು ಅರ್ಜಿ ತುಂಬಬೇಕು. ಮೂರು ಸಲವೂ ಆ ಅರ್ಜಿ ಚೀಲದಲ್ಲೇ ಉಳಿಯಿತು. ಊರಿನವರಿಗೆಲ್ಲ ಒಂದು ಮತದ ಕತೆ ಹೇಳಿಕೊಂಡು ತಿರುಗಿದವನು ಮೂರು ಚುನಾವಣೆಯಲ್ಲಿ ಮತ ಹಾಕಿರಲಿಲ್ಲ. ಈ ಸಲವೂ ಹಾಕುವ ಯೋಚನೆ ಇರಲಿಲ್ಲ. ನನ್ನ ಹೆಸರನ್ನು ಯಾರೂ ಅಳಿಸಿರಲಿಲ್ಲ. ಯಾರೂ ನನ್ನನ್ನು ಬಾಗಿಲಲ್ಲಿ ತಡೆದಿರಲಿಲ್ಲ.

"ಇಲ್ಲ," ಅಂದೆ.

"ಯಾಕ್ ಸಾ?"

ಗಡಿಯಾರ ನೋಡಿದೆ. ನಾಲ್ಕು. ಐದಕ್ಕೆ ಮತದಾನ ಮುಗಿಯುತ್ತದೆ. ಆಗ ನನಗೆ ಒಂದು ದಾರಿ ಹೊಳೆಯಿತು; ಒಳ್ಳೆಯ ದಾರಿ ಎಂದೇ ಅನ್ನಿಸಿತು.

"ನಾನು ಪೇಟೆಗೆ ಹೋಗಿ ಹಾಕ್ತೀನಿ. ನೀವು ಯಾರಿಗೆ ಹಾಕ್ಬೇಕು ಅಂತಿದ್ರಿ ಹೇಳಿ. ನನ್ನದನ್ನ ನಿಮ್ಮದು ಅಂತ ಹಾಕಿಬರ್ತೀನಿ."

ಅವಳು ನನ್ನನ್ನು ನೋಡಿದಳು. ಬೆಳಿಗ್ಗೆಯಿಂದ ಶಿವಮ್ಮನನ್ನಾಗಲಿ ಪುಟ್ಟಸ್ವಾಮಿಯನ್ನಾಗಲಿ ಹಾಗೆ ನೋಡಿರಲಿಲ್ಲ.

"ನೀವೂವೆ ದೊಡ್ಡಮನೆಯವ್ರಂಗೇ ಕೇಳ್ತಿರಲ್ಲ ಸಾ," ಅಂದಳು. "ಅವ್ರೂ ಇಂಗೇ. ನಿಂಗ್ಯಾಕ್ ತೊಂದ್ರೆ, ನಾವ್ ಆಕ್ತೀವಿ ಅಂತಿದ್ರು." ಗುರುತಿನ ಚೀಟಿಯನ್ನು ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡಳು. "ನಂದು ನನ್ ತಾವ್ಲೇ ಇರ್ಲಿ. ನಿಮ್ದು ನೀವ್ ಆಕಳಿ. ಬೇಗ ಓಗಿ, ವೊತ್ತಾಯ್ತದೆ."

ಅಧಿಕಾರಿಯನ್ನು ಕೇಳಿದೆ. "ಪಟ್ಟಿ ಇಟ್ಟು ಹೋಗಿ ಬನ್ನಿ," ಎಂದರು. ಅನ್ವರ್ ಏನೂ ಕೇಳದೆ ಬೈಕಿನ ಕೀ ಕೊಟ್ಟರು. ಹರದನಹಳ್ಳಿ ದಾಟಿ ಚಾಮರಾಜನಗರದವರೆಗಿನ ಆ ರಸ್ತೆಯಲ್ಲಿ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ನಾನು ಅವಳು ಯಾರಿಗೆ ಹಾಕುತ್ತಿದ್ದಳು ಎಂದು ಊಹಿಸಲು ನೋಡುತ್ತಿದ್ದೆ. ಕೆಳಗಲ ಬೀದಿಯವರು ಸಾಮಾನ್ಯವಾಗಿ ಇಂಥವರಿಗೆ, ಹೆಂಗಸರು ಇಂಥವರಿಗೆ, ಕೂಲಿಯವರು ಇಂಥವರಿಗೆ ಎಂದು ನಾವು ಲೆಕ್ಕ ಹಾಕುತ್ತೇವಲ್ಲ, ಹಾಗೆ. ಅವಳು ಹೇಳಲು ಒಪ್ಪದಿದ್ದ ಮೇಲೂ ಅವಳದನ್ನು ಕಿತ್ತುಕೊಳ್ಳಲು ನೋಡುತ್ತಿದ್ದೆ. ರೈಲ್ವೆ ಗೇಟಿನ ಹತ್ತಿರ ಬಂದಾಗ ಅದು ಅರಿವಾಗಿ ಆ ಯೋಚನೆ ಬಿಟ್ಟೆ.

ನನ್ನ ಮತಗಟ್ಟೆಯಲ್ಲಿ ಸಾಲೇ ಇರಲಿಲ್ಲ. ಮೇಜಿನ ಹಿಂದಿದ್ದವರು ಪುಟ ತಿರುವಿದರು, ನನ್ನ ಹೆಸರು ಮೊದಲ ಸಲಕ್ಕೇ ಸಿಕ್ಕಿತು. ತಂದೆಯ ಹೆಸರು ಸರಿಯಾಗಿತ್ತು, ವಯಸ್ಸು ಸರಿಯಾಗಿತ್ತು, ಫೋಟೋದಲ್ಲಿ ನಾನು ನಾನೇ ಆಗಿದ್ದೆ. ಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಗೆ ಹೋಗಿ ನಿಂತೆ. ಅಲ್ಲಿ ಗುಂಡಿಗಳು ಒಂದರ ಕೆಳಗೊಂದು ಇದ್ದವು. ನನಗೆ ಸರಿ ಕಂಡದ್ದನ್ನು ಒತ್ತಿದೆ. ಯಂತ್ರ ಒಂದು ಸಲ ಕೂಗಿತು. ಅದು ನನ್ನದು. ಅವಳದು ಆ ಗುಂಡಿಗಳಲ್ಲಿ ಯಾವುದರ ಮೇಲೆ ಬೀಳಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ತಿಳಿಯುವ ಹಕ್ಕೂ ನನಗಿಲ್ಲ.